ಹತ್ತೊಂಬತ್ತು ಹಸಿರು ಗುರುತು

ಬೆಳಗ್ಗೆ ಆರಕ್ಕೇ ಫೋನು ಗುನುಗತೊಡಗುತ್ತದೆ.
ಹಂಬರ್ ನದಿಯ ಮೇಲೆ ಇನ್ನೂ ಮಂಜು,
ಹಲ್ ಪಟ್ಟಣದ ಬಸ್ಸುಗಳಿಗೆ ಇನ್ನೂ ಆಕಳಿಕೆ,
ಆಗಲೇ ಇಪ್ಪತ್ತಾರು ರಗ್ಬಿ ಆಟಗಾರರ ಇಪ್ಪತ್ತಾರು ತಟ್ಟೆ
ಒಂದರ ಹಿಂದೊಂದು ನನ್ನ ಅಂಗೈಗೆ ಬಂದು ಬೀಳುತ್ತವೆ.

ಓಟ್ಸ್ ಗಂಜಿ. ಮೊಟ್ಟೆ ನಾಲ್ಕು. ಮೊಟ್ಟೆ ಆರು.
ಉಣ್ಣುವವರ ಮುಖ ಕಾಣುವುದಿಲ್ಲ,
ಅಂಚಿನಲ್ಲಿ ಮಾತ್ರ ಏನೇನೋ ನುಸುಳಿರುತ್ತದೆ:
ಮಗುವಿನ ಜೊಲ್ಲುಬಟ್ಟೆ, ಒಡೆಯದ ಬ್ಯಾಂಕಿನ ಲಕೋಟೆ,
ಒಮ್ಮೆ, ಆಸ್ಪತ್ರೆಯ ನೀಲಿ ಪರದೆ.
ಆ್ಯಪ್ ಅಂಚನ್ನು ಕತ್ತರಿಸಿ ಎಸೆದು
ನಡುವಿನದನ್ನಷ್ಟೇ ತೂಗುತ್ತದೆ:
ಪ್ರೊಟೀನ್ ನಲವತ್ತೆರಡು ಗ್ರಾಂ. ಹಸಿರು ಗುರುತು. ಶಭಾಷ್.

ಟೆವಿಟಾ, ನೂರಾ ಹದಿನೆಂಟು ಕಿಲೋದ ಆಸಾಮಿ.
ಒಂದು ಭಾನುವಾರ ಅವನ ಅತ್ತೆ ಎಲೆಯಲ್ಲಿ ಮಾಂಸ ಸುತ್ತಿ
ತೆಂಗಿನಹಾಲಲ್ಲಿ ಬೇಯಿಸಿ ಕಳಿಸಿದ್ದಳು.
'ಗುರುತು ಸಿಗಲಿಲ್ಲ' ಎಂದಿತು ಆ್ಯಪ್,
'ಪಾಲಕ್ ಸೂಪೇ?' ಎಂದು ಕೇಳಿತು.
ನನಗೋ ನೋಡಿದೊಡನೆ ಗಂಟಲು ತುರಿಸಿತು.
ಕೆಸುವಿನೆಲೆ! ನಮ್ಮ ಪತ್ರೊಡೆಯ ದೂರದ ನೆಂಟ.
ಹುಣಸೆ ಹಾಕಲ್ವಾ, ಎಂದು ಬರೆದೆ.
ನಗುವ ಮುಖವೊಂದು ಬಂತು. ಗ್ರಾಂ ಲೆಕ್ಕ ಬರೆಯಲು ಇಬ್ಬರೂ ಮರೆತೆವು.

ಊಟ ಬಲ್ಲವನಿಗೆ ರೋಗವಿಲ್ಲ:
ಈ ಅರ್ಧ ಗಾದೆಗೆ ನನಗೆ ಪದವಿಯಿದೆ, ಸಂಬಳವಿದೆ,
ಕ್ಲಬ್ಬಿನ ಲಾಂಛನ ಹೊಲಿದ ಜಾಕೆಟ್ಟೂ ಇದೆ.
ಉಳಿದರ್ಧ ಮಾತಿನದು;
ಅದಕ್ಕೂ ಆ್ಯಪಿನಲ್ಲಿ ಒಂದು ಚೌಕವಿದೆ, 'ಷರಾ' ಎಂದು.
ಯಾರೂ ತುಂಬುವುದಿಲ್ಲ. ನಾನೂ.

ರೂಬೆನ್ ಸ್ಲೈಟ್, ಹತ್ತೊಂಬತ್ತರ ಹುಡುಗ, ವಿಂಗಿನಲ್ಲಿ ಓಡುವವ,
ರಾತ್ರಿ ತಪ್ಪದೆ ಕಳಿಸುತ್ತಿದ್ದ:
ಸಾಲ್ಮನ್ ಮೀನು, ಬ್ರೊಕೊಲಿ, ಒಂದು ಹಿಡಿ ಕಂದು ಅಕ್ಕಿಯ ಅನ್ನ.
ಹತ್ತೊಂಬತ್ತು ದಿನ ಸತತ ಹಸಿರು,
ಆ್ಯಪ್ ಅವನಿಗೊಂದು ಚಿನ್ನದ ಬಟ್ಟಲು ಕೊಟ್ಟಿತ್ತು.
ಇಪ್ಪತ್ತನೇ ರಾತ್ರಿ, ನಿದ್ದೆಗಣ್ಣಲ್ಲಿ, ನಾನು ಕಂಡದ್ದು ಫೋರ್ಕು:
ನಾಲ್ಕರಲ್ಲಿ ಒಂದು ಹಲ್ಲು ಬಾಗಿದೆ,
ಅದರ ಮೇಲೊಂದು ನೀರಹನಿ.
ಹಿಂದಿನ ದಿನವೂ ಅದೇ ಹನಿ. ಅದರ ಹಿಂದಿನ ಗುರುವಾರವೂ.
ಒಂದೇ ಊಟವನ್ನು ಹುಡುಗ
ಎಡಕ್ಕೆ ಕತ್ತರಿಸಿ, ಬಲಕ್ಕೆ ಕತ್ತರಿಸಿ, ಬೆಳಕು ಏರಿಸಿ
ಮೂರು ವಾರ ಉಂಡಿದ್ದ.

ಬೈಯುವುದಕ್ಕೆಂದೇ ಹೋದೆ, ಹೆಸಲ್ ರಸ್ತೆಗೆ.
ಅವನಪ್ಪನ ಕರಿದ ಮೀನಿನ ಅಂಗಡಿ, ಬಾಗಿಲು ಹಾಕುವ ಹೊತ್ತು.
ಗಾಜಿನ ಮೇಲೆ ಹಬೆ, ಒಳಗೆ ಇಬ್ಬರು,
ಕೌಂಟರಿನ ಆಚೆಗೊಬ್ಬ ಈಚೆಗೊಬ್ಬ, ನಿಂತೇ
ಆಲೂಗಡ್ಡೆ ಪ್ಯಾಟಿ, ಕೆಂಪು ಮಸಾಲೆ ಉದುರಿಸಿದ ಚಿಪ್ಸ್
ಒಂದೇ ಕಾಗದದಿಂದ ತಿನ್ನುತ್ತಿದ್ದರು.
ಕಳೆದ ಶನಿವಾರ ಕೈಜಾರಿದ ಚೆಂಡಿನ ಬಗ್ಗೆ
ಅಪ್ಪ ಚಿಪ್ಸಿನ ಎರಡು ತುಂಡು ನೆಟ್ಟಗೆ ಹಿಡಿದು ವಿವರಿಸುತ್ತಿದ್ದ.

ರೂಬೆನ್ನನ ಕಿವಿ ಕೆಂಪಾಯಿತು.
'ಹತ್ತು ಗಂಟೆಗಲ್ಲದೆ ಇವರು ಸಿಗುವುದಿಲ್ಲ' ಎಂದ, ಅಷ್ಟೇ.
ನಾನು ತಂದಿದ್ದ ಬೈಗುಳ ವಿನಿಗರಿನ ವಾಸನೆಗೆ ಮೆತ್ತಗಾಯಿತು.

ಅಪ್ಪ ಕೈ ಒರೆಸಿಕೊಂಡು ಹೇಳಿದ:
'ಇವನು ಏನು ತಿನ್ನಬೇಕು, ನನಗೆ ಯಾರೂ ಹೇಳಿಲ್ಲ.
ಫೋನಿನಲ್ಲಿ ಬೇಡ ಕಣಮ್ಮಾ. ಬರೆದುಕೊಡು.'

ಚಿಪ್ಸ್ ಕಟ್ಟುವ ಕಾಗದದ ಮೇಲೆ ಬರೆದೆ:
ಹ್ಯಾಡಕ್ ಮೀನು, ಹಿಟ್ಟು ಮೆತ್ತದೆ, ಹಬೆಯಲ್ಲಿ.
ಬಟಾಣಿ, ಬೇಕಾದಷ್ಟು. ಪ್ಯಾಟಿ, ಆಟ ಮುಗಿದ ರಾತ್ರಿ.
ಅವನು ಓದಿ, 'ಹಬೆಯಲ್ಲಾ?' ಎಂದು
ಯಾರೋ ತೀರಿಕೊಂಡಂತೆ ತಲೆಯಾಡಿಸಿ
ಬೆಲೆಪಟ್ಟಿಯ ಮೇಲೆಯೇ ಅಂಟಿಸಿದ.

ಮರುರಾತ್ರಿ ಬಂದ ಚಿತ್ರ ಅಲುಗಿತ್ತು;
ಬಿಳಿ ಮೀನು ಯಾವುದು, ಕಾಗದ ಯಾವುದು, ಆ್ಯಪಿಗೆ ತಿಳಿಯಲಿಲ್ಲ.
ಕೆಂಪು ಗುರುತು ಬಿತ್ತು.
ತಿದ್ದಲು ಹೋದವಳು ಅಂಚು ನೋಡುತ್ತಾ ಕೂತೆ:
ಲೆನ್ಸಿಗೆ ಅಡ್ಡ ಒಂದು ದಪ್ಪ ಹೆಬ್ಬೆರಳು, ಹಿಂದೆ ಗೋಡೆ,
ಗೋಡೆಯಲ್ಲಿ ಆಗಲೇ ಎಣ್ಣೆ ಕುಡಿದ ನನ್ನ ಕಾಗದ,
ನನ್ನ ಅಕ್ಷರಗಳ ಅಡಿಯಿಂದ
ಪ್ಯಾಟಿಯ ಬೆಲೆ ಕಾಣುತ್ತಿತ್ತು.